ಹೆಸರು ಹೇಳದೆ ಲೈನ್ ಕೊಡುವುದಿಲ್ಲ

ನಮ್ಮ ಸೋದರಮಾವನವರಿಗೆ ಚಿಂತೆಯಿಲ್ಲದ ದಿನ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಇದು ಉತ್ಪ್ರೇಕ್ಷೆ ಅನ್ನಿಸಿದರೆ ನೀವು ಅವರನ್ನು ನೋಡಿಲ್ಲ ಎಂದೇ ಅರ್ಥ. ಬೇರೆಯವರು ಕಷ್ಟ ಬಂದಾಗ ಚಿಂತೆ ಮಾಡುತ್ತಾರೆ. ಮಾವ ಕಷ್ಟ ಬಂದಾಗ ಸ್ವಲ್ಪ ಹಗುರಾಗುತ್ತಿದ್ದರು, ಬರಬೇಕಾದ್ದು ಬಂತಲ್ಲ! ಏನೂ ಆಗದೆ ಒಂದು ವಾರ ಸುಮ್ಮನೆ ಕಳೆದುಹೋದರೆ ಮಾತ್ರ ಅವರ ಮುಖ ಬಾಡುತ್ತಿತ್ತು. "ಎಲ್ಲಾ ಸುರಳೀತ ನಡದೈತಿ, ಅಳಿಯಾ. ನನಗ್ಯಾಕೋ ಸಮ ಅನಸವಲ್ದು," ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು.

ಮನೆಗೆ ಬೀಗ ಹಾಕಿ, ಓಣಿಯ ಮೂಲೆಯವರೆಗೆ ಹೋಗಿ, ಬೀಗ ಜಗ್ಗಿ ನೋಡಲು ವಾಪಸು ಬರುವವರು ನಿಮ್ಮ ಮನೆಯಲ್ಲೂ ಇರಬಹುದು. ಜಗ್ಗಿ ನೋಡಿ ಮತ್ತೆ ಮೂಲೆಯವರೆಗೆ ಹೋಗಿ, "ಈಗ ಜಗ್ಗಿದ್ದಕ್ಕ ಸಡ್ಲ ಆಗಿದ್ರ ಹೆಂಗ?" ಎಂದು ಇನ್ನೊಮ್ಮೆ ಬರುವವರು ಇದ್ದಾರೆಯೇ? ಸಿರುಗುಪ್ಪದ ಬಸ್ಸಿನಲ್ಲಿ ಕೂತರೆ, ಕಾಲುವೆಯ ಸೇತುವೆ ಬಂತೆಂದರೆ ಸಾಕು, ಮಾವ ಎರಡೂ ಕಾಲೆತ್ತಿ ಸೀಟಿನ ಮೇಲೆ ಮಡಚಿಕೊಳ್ಳುತ್ತಿದ್ದರು. ಯಾಕೆಂದು ಕೇಳಿದರೆ, "ಅಷ್ಟರ ಭಾರ ಕಮ್ಮಿ ಆಗ್ಲಿ," ಎನ್ನುವರು. ಒಮ್ಮೆ ಕಂಡಕ್ಟರ್ ಬಂದು ನಿಂತು ನೋಡಿ ಹೇಳಿದ: "ಯಜಮಾನ್ರ, ಟಿಕೇಟು ಪೂರ್ತಿ ತಗೊಂಡೀರಿ. ಕಾಲು ಇಳಸ್ರಿ."

ಇಂಥವರ ಕೈಗೆ ಒಂದು ತೀರ್ಮಾನ ಮಾಡುವ ಕೆಲಸ ಸಿಕ್ಕರೆ ಏನಾದೀತು? ಸಿಕ್ಕಿತು. ಎಪ್ಪತ್ತರ ದಶಕದ ನಡುವಿನ ಮಾತು.

ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಹತ್ತಿ ವ್ಯಾಪಾರದ ಕಂಪನಿಯಲ್ಲಿ ಮಾವ ಹಿರಿಯ ಗುಮಾಸ್ತರು. ನಾನು ಅಲ್ಲೇ ಟೈಪಿಸ್ಟು. ಆ ಕೆಲಸ ಕೊಡಿಸಿದವರು ಅವರೇ, ನಾನು ಅದನ್ನು ಕಳೆದುಕೊಳ್ಳುತ್ತೇನೆಂದು ದಿನಾ ಹೆದರುವವರೂ ಅವರೇ. ಕಂಪನಿಗೆ ಸಿರುಗುಪ್ಪದಲ್ಲಿ ಒಂದು ಅಕ್ಕಿ ಗಿರಣಿ, ಕುರುಗೋಡಿನಲ್ಲಿ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನು ಇದ್ದವು. ಮಾವನ ಮನೆ ಕುರುಗೋಡಿನಲ್ಲಿ, ಜಿನ್ನಿನ ಗೋಡೆಗೆ ಹೊಂದಿಕೊಂಡೇ ಇತ್ತು. ವಾರವೆಲ್ಲ ಬಳ್ಳಾರಿಯ ನಮ್ಮ ಮನೆಯಲ್ಲಿದ್ದು, ಶನಿವಾರ ಸಂಜೆ ಊರಿಗೆ ಹೋಗುತ್ತಿದ್ದರು.

ಈ ಕಂಪನಿಯ ಟೆಲಿಫೋನುಗಳ ಸಂಸಾರವನ್ನು ಸ್ವಲ್ಪ ಹೇಳಬೇಕು. ಸಾಹುಕಾರರ ಕೋಣೆಯಲ್ಲಿ, ಮಹಡಿಯ ಗುಮಾಸ್ತರ ಹಾಲಿನಲ್ಲಿ ಮದರಾಸಿನಿಂದ ತರಿಸಿದ ಹೊಸ ಡಯಲ್ ಫೋನುಗಳು. ಕೆಳಗೆ ಗೋದಾಮಿನಲ್ಲಿ, ತಕ್ಕಡಿ ಮನೆಯಲ್ಲಿ, ರೈಲ್ವೆ ಗೇಟಿನ ಆಚೆಯ ಎಣ್ಣೆ ಗಿರಣಿಯಲ್ಲಿ ಮಿಲಿಟರಿ ಹರಾಜಿನಲ್ಲಿ ಕೊಂಡ, ಹಿಡಿಕೆ ಸುತ್ತುವ ಹಳೇ ಫೋನುಗಳು. ಡಯಲ್ ತಿರುಗಿಸಿದರೆ ಹಿಡಿಕೆ ಫೋನು ಮೊಳಗದು, ಹಿಡಿಕೆ ಸುತ್ತಿದರೆ ಡಯಲ್ ಫೋನು ಮಾತಾಡದು. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ಇದ್ದವು. ನಡುವೆ ರಾಯಭಾರಕ್ಕೆ ಇದ್ದವರು ಖಾಜಾಸಾಬರು. ಮೆಟ್ಟಿಲ ಕೆಳಗೆ ಬೋರ್ಡಿನ ಮುಂದೆ ಕೂತು, ತಲೆಗೆ ಹೆಡ್‌ಫೋನ್ ಸಿಗಿಸಿಕೊಂಡು, ನೀವು ಹೆಸರು ಹೇಳಿದರೆ ಸಾಕು, ಆ ಮನುಷ್ಯ ಎಲ್ಲಿದ್ದರೂ ಹುಡುಕಿ ತಂತಿ ಚುಚ್ಚುತ್ತಿದ್ದರು. "ಅವರು ಚಾ ಕುಡಿಯಾಕ ಹೋಗ್ಯಾರ್ರಿ. ಹೋಟೆಲ್ಲಿಗೇ ಕೊಡ್ಲೇನು?" ಎಂದು ಕೇಳಿದ್ದೂ ಉಂಟು.

ಇದನ್ನೆಲ್ಲ ಒಂದು ಹದಕ್ಕೆ ತರಬೇಕೆಂದು ಸಾಹುಕಾರರು ಹೈದರಾಬಾದಿನಿಂದ ಒಬ್ಬ ಎಂಜಿನಿಯರನ್ನು ಕರೆಸಿದರು. ಆತ ತೆಲುಗಿನವನು, ಮಿತಭಾಷಿ. ಎಲ್ಲ ತಂತಿಗಳನ್ನೂ ಸುತ್ತಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಪೇರ್ಲಾ, ನಂಬರ್ಲಾ? ಏದೋ ಒಕಟಿ ಚೆಪ್ಪಂಡಿ." ಎಂದರೆ, ಜನರನ್ನು ಈಗಿನಂತೆ ಹೆಸರಿನಿಂದ ಹುಡುಕುವುದೋ, ಅಥವಾ ಪ್ರತಿಯೊಬ್ಬರಿಗೂ ಒಂದು ನಂಬರು ಕೊಟ್ಟು ಬೋರ್ಡನ್ನೇ ತೆಗೆದುಬಿಡುವುದೋ, ಯಾವುದಾದರೂ ಒಂದು ಹೇಳಿ ಎಂದು. ಸಾಹುಕಾರರು ಮಾವನ ಕಡೆ ತಿರುಗಿ, "ನೀವ ನೋಡಿ ಹೇಳ್ರಿ. ಹೆಚ್ಚು ಕಮ್ಮಿ ಆದ್ರ ಆಮ್ಯಾಲೆ ನೋಡೋಣು," ಎಂದರು. ಮೊದಲ ಮಾತು ಮಾವನಿಗೆ ಕೇಳಿಸಲೇ ಇಲ್ಲ. ಎರಡನೆಯದು ಎದೆಯಲ್ಲಿ ಹೋಗಿ ಕೂತಿತು.

ಅವರ ಭಯಕ್ಕೆ ಈ ಸಲ ಮಾತ್ರ ನಿಜವಾದ ಕಾರಣವಿತ್ತು. ಮಗಳು ಗಿರಿಜಾ ಚೊಚ್ಚಲ ಹೆರಿಗೆಗೆಂದು ಕುರುಗೋಡಿಗೆ ಬಂದಿದ್ದಳು. ಕೂಸು ಅಡ್ಡ ಮಲಗಿದೆ, ನೋವು ಶುರುವಾದ ಕೂಡಲೇ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಸೇರಿಸಬೇಕು, ತಡವಾದರೆ ಇಬ್ಬರ ಜೀವಕ್ಕೂ ಅಪಾಯ ಎಂದು ಡಾಕ್ಟರು ಹೇಳಿದ್ದರು. ಈಗಲೇ ಬಳ್ಳಾರಿಗೆ ತಂದು ಇಟ್ಟುಕೊಳ್ಳೋಣ ಎಂದರೆ ಗಿರಿಜಾಳ ತಾಯಿ, ನಮ್ಮ ಅತ್ತೆ, ಒಪ್ಪಲಿಲ್ಲ. "ದಿನಾ ಇನ್ನೂ ದೂರ ಅದಾವು. ಅಮಾಸಿ ಒಂದು ದಾಟ್ಲಿ, ನಾನ ಕರಕೊಂಡು ಬರ್ತೀನಿ," ಎಂದರು. ಕುರುಗೋಡಿನಲ್ಲಿ ಬೇಕೆಂದಾಗ ಗಾಡಿ ಸಿಗುವಂತಿರಲಿಲ್ಲ. ಕಂಪನಿಯ ಜೀಪು ಬಳ್ಳಾರಿಯಲ್ಲಿ. ಆದ್ದರಿಂದ ಜಿನ್ನಿನ ಫೋನಿನಿಂದ ಬ್ರೂಸ್‌ಪೇಟೆಗೆ ಒಂದು ಟ್ರಂಕ್ ಕರೆ ಬರಬೇಕು, ಬಂದದ್ದು ಮಾವನಿಗೆ ಮುಟ್ಟಬೇಕು, ಮುಟ್ಟಿದ ಕೂಡಲೇ ಜೀಪು ಹೊರಡಬೇಕು. ಆ ಕರೆ ತಪ್ಪಿದರೆ? ಈ ಪ್ರಶ್ನೆಯನ್ನು ಮಾವ ಊಟಕ್ಕೆ ಮೊದಲು ಒಮ್ಮೆ, ಊಟದ ನಡುವೆ ಒಮ್ಮೆ ನನಗೆ ಕೇಳುತ್ತಿದ್ದರು. ನಾನು ಏನು ಹೇಳಲಿ? "ತಪ್ಪಂಗಿಲ್ಲ ಬಿಡ್ರಿ ಮಾವ," ಎಂದರೆ, "ನಿನಗ ಯಾರು ಹೇಳಿದ್ರು?" ಎಂದು ತಿರುಗಿ ಬೀಳುತ್ತಿದ್ದರು.

ಮೊದಲು ನಂಬರಿನ ಪರೀಕ್ಷೆ ಮಹಡಿಯಲ್ಲಿ ನಡೆಯಿತು. ಯಾರಿಗೆ ಯಾವ ನಂಬರು? ಸಾಹುಕಾರರಿಗೆ ಹತ್ತು, ಅದರಲ್ಲಿ ಜಗಳವಿಲ್ಲ. ಹನ್ನೊಂದು ಶುಭ ಸಂಖ್ಯೆ, ಅದು ತನಗೇ ಬೇಕೆಂದು ಕ್ಯಾಷಿಯರ್ ಹಟ ಹಿಡಿದ. ಹದಿನೇಳು ಯಾರಿಗೂ ಬೇಡ, ಒಂದೂ ಏಳೂ ಕೂಡಿದರೆ ಎಂಟು, ಶನಿಯ ಸಂಖ್ಯೆ. ಏಳರಾಟದ ಶನಿಯನ್ನು ಯಾರಾದರೂ ಕರೆದು ಮೇಜಿನ ಮೇಲೆ ಕೂಡಿಸಿಕೊಳ್ಳುತ್ತಾರೆಯೇ? ಜಗಳ ಕೇಳಿ ಬೇಸತ್ತ ಎಂಜಿನಿಯರ್, ಬೆಳಿಗ್ಗೆ ಬಂದವರಿಗೆ ಬಂದಂತೆ ಖಾಲಿ ಇದ್ದ ನಂಬರು ಕೊಟ್ಟುಬಿಡಿ ಎಂದ. ಮಾವ ಗಾಬರಿಯಾದರು. "ಅಲ್ರೀ, ನಿನ್ನಿ ಹನ್ನೆರಡರಾಗ ಇದ್ದಾವ ಇವತ್ತು ತಡಾಗಿ ಬಂದು ಹದಿನಾರಕ್ಕ ಕುಂತ್ರ, ನಿನ್ನಿನ ನಂಬರ್ ತಿರುಗಿಸಿದಾವಗ ಯಾರು ಸಿಗ್ತಾರ?" ಎಂಜಿನಿಯರ್ ಪೆನ್ನು ಜೇಬಿಗೆ ಸಿಗಿಸಿಕೊಂಡು ಚಹಾ ಕುಡಿಯಲು ಹೋದ.

ಕೊನೆಗೆ ಮಾವ ಬಿಳಿ ಬಣ್ಣ ತರಿಸಿ ಮೇಜುಗಳ ಮೇಲೆ ಖಾಯಂ ನಂಬರು ಬರೆಸಿದರು. ಇದರಲ್ಲಿ ಒಂದು ಸಣ್ಣ ತೊಡಕಿತ್ತು. ಬಳ್ಳಾರಿಯ ಬಿಸಿಲು ನಿಮಗೆ ಗೊತ್ತು. ಮಧ್ಯಾಹ್ನ ಪಡುವಣ ಗೋಡೆ ಕಾದ ಹಂಚಾಗುತ್ತದೆ. ಹಾಲಿನಲ್ಲಿ ತಿರುಗುವ ಫ್ಯಾನು ಒಂದೇ. ಆದ್ದರಿಂದ ನಮ್ಮ ಆಫೀಸಿನ ಮೇಜುಗಳು ಊಟವಾದ ಮೇಲೆ ಮೆಲ್ಲಗೆ ಫ್ಯಾನಿನ ಕಡೆಗೆ ಜರುಗುತ್ತಿದ್ದವು. ಅದು ಎಷ್ಟೋ ವರ್ಷದ ರೂಢಿ, ಯಾರಿಗೂ ಅದರ ಮೇಲೆ ಲಕ್ಷ್ಯವೇ ಇರಲಿಲ್ಲ. ಫೋನುಗಳು ಮಾತ್ರ ಗೋಡೆಗೆ ಮೊಳೆ ಹೊಡೆಸಿಕೊಂಡು ಅಲ್ಲೇ ಇದ್ದವು. ಮೇಜಿನ ಜೊತೆ ಮನುಷ್ಯನೂ ಅವನ ನಂಬರೂ ಹೋದವು. ಗಂಟೆ ಹಳೇ ಜಾಗದಲ್ಲೇ ಬಾರಿಸಿತು. ಸಾಹುಕಾರರು ಕ್ಯಾಷಿಯರಿಗೆಂದು ಹನ್ನೊಂದು ತಿರುಗಿಸಿ, "ಡಬ್ಬಿಯಾಗ ಏನೈತಿ?" ಎಂದು ಕೇಳಿದರು. ಆಗ ಆ ಗೋಡೆಯ ಕೆಳಗೆ ಕೂತು ಉಣ್ಣುತ್ತಿದ್ದ ಹಮಾಲ ಫೋನೆತ್ತಿ ವಿನಯದಿಂದ, "ರೊಟ್ಟಿ, ಪುಂಡಿಪಲ್ಯರೀ," ಎಂದ.

ಸರಿ, ಹೆಸರೇ ವಾಸಿ ಎಂದು ಮಾವ ಮತ್ತೆ ಖಾಜಾಸಾಬರ ಬೋರ್ಡಿಗೆ ಬಂದರು. ಹೆಸರಿಗೂ ಅದರದೇ ಸಂಕಟ. ಕುರುಗೋಡಿನ ದೇವರು ದೊಡ್ಡಬಸವೇಶ್ವರ. ಆ ಊರಿನಲ್ಲಿ ಕಲ್ಲು ಒಗೆದರೆ ಒಬ್ಬ ದೊಡ್ಡಬಸಪ್ಪನಿಗೆ ತಾಗುತ್ತದೆ. ನಮ್ಮ ಕಂಪನಿಯಲ್ಲೇ ಗೋದಾಮಿನ ದೊಡ್ಡಬಸಪ್ಪ, ತಕ್ಕಡಿ ದೊಡ್ಡಬಸಪ್ಪ, ಗಿರಣಿ ದೊಡ್ಡಬಸಪ್ಪ ಇದ್ದರು. ಸಿರುಗುಪ್ಪದ ಅಕ್ಕಿ ಗಿರಣಿಯವರು ಎಣ್ಣೆ ಗಿರಣಿಯ ಒಲೆಗೆ ಭತ್ತದ ಹೊಟ್ಟು ಬೇಕೇ ಎಂದು ವಿಚಾರಿಸಲು ದೊಡ್ಡಬಸಪ್ಪನನ್ನು ಕೇಳಿದರು. ಲೈನು ಹೋದದ್ದು ತಕ್ಕಡಿ ಮನೆಗೆ. ತಕ್ಕಡಿ ದೊಡ್ಡಬಸಪ್ಪನಿಗೆ ಮಧ್ಯಾಹ್ನದ ತೂಕಡಿಕೆ. "ಒಂದು ಲೋಡು ಕಳಿಸ್ಲೇನು?" ಎಂದರೆ, "ಕಳಸ್ರಿ, ಅದರಾಗೇನೈತಿ," ಎಂದುಬಿಟ್ಟ.

ಮರುದಿನ ಬ್ರೂಸ್‌ಪೇಟೆಯ ಓಣಿಯಲ್ಲಿ, ನಮ್ಮ ಆಫೀಸಿನ ಬಾಗಿಲಿಗೇ, ಒಂದು ಲಾರಿ ಹೊಟ್ಟು ಬಂದು ಸುರಿಯಿತು. ಗಾಳಿ ಬೇರೆ. ಎದುರಿನ ಜವಳಿ ಅಂಗಡಿಯ ಸೀರೆಗಳ ಮೇಲೆ ಹೊಟ್ಟು, ಪಕ್ಕದ ಹೋಟೆಲಿನ ಚಹಾದಲ್ಲಿ ಹೊಟ್ಟು. ಮಾವನಿಗೆ ಅದಾವುದೂ ಕಾಣಲಿಲ್ಲ, ಬೆಂಕಿಯೊಂದೇ ಕಂಡಿತು. ತುಂಬಿದ ಕೊಡ ಹಿಡಿದು ಓಣಿಯ ತುದಿಯಲ್ಲಿ ನಿಂತು, ಹೋಗಿಬರುವವರ ಬಾಯಿಂದ ಬೀಡಿ ಕಿತ್ತುಕೊಳ್ಳುತ್ತಿದ್ದರು. ಹೊಟ್ಟು ತೆಗೆಯುವವರೆಗೆ ಬ್ರೂಸ್‌ಪೇಟೆಯಲ್ಲಿ ಬೀಡಿ ಸೇದಿದವರಿಲ್ಲ!

ಆ ಸಂಜೆಯೇ ಮಾವ ಒಂದು ನಿಯಮ ಹೇಳಿದರು, ನಾನು ಟೈಪ್ ಮಾಡಿದೆ, ಖಾಜಾಸಾಬರ ತಲೆಯ ಮೇಲೆ ಅಂಟಿಸಿದೆವು. ಕರೆ ಮಾಡಿದವರು ತಮಗೆ ಬೇಕಾದವರ ಹೆಸರನ್ನೂ ಅವರ ತಂದೆಯ ಹೆಸರನ್ನೂ ಸ್ಪಷ್ಟವಾಗಿ ಹೇಳತಕ್ಕದ್ದು. ಹೇಳದವರಿಗೆ ಲೈನ್ ಕೊಡತಕ್ಕದ್ದಲ್ಲ. ಖಾಜಾಸಾಬರು ಓದಿ, "ಎರಡೂ ಯಾಕ್ರಿ?" ಎಂದರು. "ಗಿರಿಜಾಂದು ಫೋನ್ ಬಂದು ಇನ್ಯಾರಿಗೋ ಹೋದ್ರ ಏನು ಮಾಡ್ಲಿ, ಸಾಬ್ರ?" ಎಂದು ಮಾವ ಕೇಳಿದರು.

ಆ ಶನಿವಾರ ಮಾವ ನನ್ನನ್ನೂ ಕರೆದುಕೊಂಡು ಊರಿಗೆ ಹೋದರು. ಕರೆ ಮಾಡಬೇಕಾದವನು ಜಿನ್ನಿನ ಗುಮಾಸ್ತ. ಅವನು ಸಿಗದಿದ್ದರೆ ಇರಲಿ ಎಂದು ಜಿನ್ನಿನ ಆಫೀಸಿನ ಬೀಗದ ಕೈ ಅತ್ತೆಯ ಸೆರಗಿನ ಗಂಟಿಗೆ ಕಟ್ಟಿಸಿ, ಅವರಿಗೂ ಫೋನಿನ ಪಾಠ ಮಾಡಿದರು. ಹಿಡಿಕೆ ಹೇಗೆ ಸುತ್ತುವುದು, ಯಾವ ತುದಿ ಕಿವಿಗೆ, ಯಾವುದು ಬಾಯಿಗೆ, ಎಕ್ಸ್‌ಚೇಂಜಿನವನಿಗೆ ಬಳ್ಳಾರಿಯ ಯಾವ ನಂಬರು ಹೇಳುವುದು, ಗುಡುಗು ಬಂದರೆ ಎಷ್ಟು ದೂರ ನಿಲ್ಲುವುದು. ಅತ್ತೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿ ಒಂದೇ ಮಾತು ಕೇಳಿದರು: "ಇದರಾಗ ನಿಮ್ಮ ದನಿ ನಿಮ್ಮಂಗ ಕೇಳ್ತೈತೇನ್ರಿ?" ಮಾವ ಅದಕ್ಕೂ ಸ್ವಲ್ಪ ಚಿಂತಿಸಿ, "ಕೇಳಬೇಕು," ಎಂದರು.

ಎಂಜಿನಿಯರ್ ಕೊನೆಯ ಉತ್ತರಕ್ಕೆಂದು ಬಂದ ದಿನ ಅಮಾವಾಸ್ಯೆ. ಬೋರ್ಡಿನ ಪಕ್ಕದಲ್ಲಿ ಮಾವ, ಎಂಜಿನಿಯರ್, ನಾನು ನಿಂತಿದ್ದೆವು. "ಹೆಸರು ಅಂದ್ರ ಆ ತ್ರಾಸು ಐತಿ, ನಂಬರ್ ಅಂದ್ರ ಈ ತ್ರಾಸು ಐತಿ," ಎಂದು ಮಾವ ತಲೆ ಹಿಡಿದುಕೊಂಡಿದ್ದರು. ಆಗ ಕುರುಗೋಡಿನ ಟ್ರಂಕ್ ಬಂತು. ಹತ್ತಿಯ ಕಾಲದಲ್ಲಿ ಅಲ್ಲಿಂದ ದಿನವೆಲ್ಲ ಕರೆ ಬರುತ್ತಲೇ ಇರುತ್ತವೆ. ಖಾಜಾಸಾಬರು ಎಂದಿನಂತೆ ಎತ್ತಿದರು.

"ಯಾರು ಬೇಕ್ರಿ, ತಾಯಿ? ಮನಿಯವರು ಅಂದ್ರ? ಇಲ್ಲಿರೋರೆಲ್ಲಾ ಯಾರದರ ಮನಿಯವರ ಅದಾರ್ರಿ. ಹೆಸರು ಹೇಳ್ರಿ. ಅವರ ತಂದಿ ಹೆಸರೂ ಹೇಳ್ರಿ." ಆಮೇಲೆ ಬಾಯಿಯ ಕಡೆಯ ತುದಿ ಮುಚ್ಚಿ ಮಾವನಿಗೆ ಹೇಳಿದರು: "ಯಾರೋ ಹೆಣ್ಣುಮಗಳು. ಹೆಸರು ಹೇಳವಲ್ರು. ಆಫೀಸ್ ನೋಡಿಕೊಳ್ಳೋರು ಬೇಕಂತ."

ಕುರುಗೋಡಿನಿಂದ ಸುದ್ದಿ ಬಂದರೆ ಗುಮಾಸ್ತನ ದನಿಯಲ್ಲೇ ಬರುತ್ತದೆ ಎಂದು ಮಾವನ ತಲೆಯಲ್ಲಿ ಕೂತುಬಿಟ್ಟಿತ್ತು. ಅಮಾವಾಸ್ಯೆಗೆ ಜಿನ್ನು ಬಂದ್, ಗುಮಾಸ್ತ ಇರುವುದಿಲ್ಲ ಎಂಬುದು ಅಷ್ಟೊಂದು ಚಿಂತೆಗಳ ಸಂದಣಿಯಲ್ಲಿ ಹೊಳೆಯಲೇ ಇಲ್ಲ. ತಲೆ ಎತ್ತದೆಯೇ ಹೇಳಿದರು: "ಆಫೀಸ್ ನೋಡಿಕೊಳ್ಳೋರು ಸಾಹುಕಾರ್ರಲ್ಲೇನು? ಅವರಿಗೆ ಕೊಡ್ರಿ. ಇಲ್ಲಾಂದ್ರ ಹೆಸರು ಕೇಳ್ರಿ, ಸಾಬ್ರ. ರೂಲ್ ಅಂದ್ರ ರೂಲ್."

ಖಾಜಾಸಾಬರು ಸಾಹುಕಾರರಿಗೆ ಕೊಟ್ಟರು. ಸಾಹುಕಾರರದು ಗುಡುಗಿನಂಥ ದನಿ. "ಯಾರದು?" ಎಂದು ಅವರು ಗುಡುಗಿದ ಕೂಡಲೇ ಆ ಕಡೆ ಅತ್ತೆ ತಲೆಯ ಮೇಲೆ ಸೆರಗೆಳೆದುಕೊಂಡು ಫೋನು ಇಟ್ಟುಬಿಟ್ಟರಂತೆ. ಇದು ನಮಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಇಷ್ಟೇ, ಲೈನು ಸತ್ತಿತು. ಎಂಜಿನಿಯರ್ ಗಡಿಯಾರ ನೋಡಿಕೊಂಡು, "ಈ ರೋಜೇ ಚೆಪ್ಪಾಲಿ," ಎಂದ. ಇವತ್ತೇ ಹೇಳಬೇಕು.

ನಮ್ಮ ಕಡೆ ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರಕೂಡದು. ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ. ಗಂಡನ ತಂದೆಯ ಹೆಸರಂತೂ ದೂರದ ಮಾತು. ನಮ್ಮ ಅತ್ತೆ ಮದುವೆಯಾದಾಗಿನಿಂದ ಆ ಎರಡು ಹೆಸರುಗಳನ್ನು ಬಾಯಿಗೆ ತಂದವರಲ್ಲ. ಆ ಹೆಸರಿನ ದೇವರ ಗುಡಿಗೆ ಹೋದರೂ "ನಮ್ಮ ಸ್ವಾಮಿ" ಎಂದು ಕೈಮುಗಿದು ಬರುವವರು. ಗುಡುಗಿನವರೆಗೆ ಚಿಂತಿಸಿದ ಮಾವನಿಗೆ ಇದೊಂದು ನೆನಪಿಗೆ ಬಂದಿರಲಿಲ್ಲ. ನನಗೂ ಬಂದಿರಲಿಲ್ಲ. ಗಂಡಸರಿಗೆ ಹೇಗೆ ಬರಬೇಕು?

ಮತ್ತೆ ಗಂಟೆ ಬಾರಿಸಿತು. ಖಾಜಾಸಾಬರು ಎತ್ತಿ, "ಅವರ ಅದಾರ. ಅಳಾಕತ್ತಾರ," ಎಂದರು. ಮಾವ ತಲೆ ಎತ್ತಿದರು. "ತಾಯಿ, ಒಂದು ಹೆಸರರ ಹೇಳ್ರಿ," ಎಂದು ಸಾಬರು ಮೆಲ್ಲಗೆ ಕೇಳಿದರು. ಆಮೇಲೆ ಖಾಜಾಸಾಬರು ಹೆಡ್‌ಫೋನನ್ನು ಕಿವಿಯಿಂದ ಕಿತ್ತು ದೂರ ಹಿಡಿದರು. ಅಷ್ಟು ಜೋರಾಗಿ ಬಂತು ದನಿ. ನಮ್ಮ ಮಾವನ ಹೆಸರು, ಅದರ ಬೆನ್ನಿಗೇ ನಮ್ಮ ಅಜ್ಜನ ಹೆಸರು, ನಿಯಮದ ಪ್ರಕಾರ, ಸ್ಪಷ್ಟವಾಗಿ, ಒಂದೇ ಉಸಿರಿನಲ್ಲಿ. ಹಿಂದೆಯೇ, "ಗಿರಿಜಾಗ ನೋವು ಎದ್ದಾವು. ಲಗೂನ ಬರಬೇಕಂತ ಹೇಳ್ರಿ."

ಮಾವ ಅಲ್ಲಾಡಲಿಲ್ಲ. ಅದು ತಮ್ಮ ಹೆಸರೆಂದು ಅವರಿಗೆ ಕೂಡಲೇ ಗುರುತು ಹತ್ತಲಿಲ್ಲ. ಆ ದನಿಯಲ್ಲಿ ಅದನ್ನು ಅವರು ಎಂದೂ ಕೇಳಿರಲಿಲ್ಲ. "ಯಾರದು?" ಎಂದು ನನ್ನನ್ನು ಕೇಳಿದರು. "ಅತ್ತಿ ಅದಾರ್ರಿ, ಮಾವ," ಎಂದೆ.

ಜೀಪಿನಲ್ಲಿ ಕೂತರೆ ಡ್ರೈವರನ ಬೆನ್ನಿಗೆ ಬೆರಳು ತಿವಿದು "ಸಾವಕಾಶ, ಸಾವಕಾಶ" ಎನ್ನುವ ಮನುಷ್ಯ, ಅವತ್ತು ಹೇಳಿದ್ದು "ಹೊಡಿ" ಎಂಬ ಒಂದೇ ಮಾತು. ಆಮೇಲೆ ದಾರಿಯುದ್ದಕ್ಕೂ ಮಾತಿಲ್ಲ. ಟೈರು ಸಿಡಿದೀತು ಎನ್ನಲಿಲ್ಲ, ಎತ್ತಿನ ಬಂಡಿ ಅಡ್ಡ ಬಂದೀತು ಎನ್ನಲಿಲ್ಲ. ಅವರು ಚಿಂತೆಯ ಮಾತಾಡದೆ ಕೂತದ್ದನ್ನು ನೋಡಿ ನಾನೇ ಡ್ರೈವರನಿಗೆ "ಸಾವಕಾಶ" ಎಂದುಬಿಟ್ಟೆ. ಇಷ್ಟು ವರ್ಷ ನಮ್ಮೆಲ್ಲರ ಪಾಲಿನ ಹೆದರಿಕೆಯನ್ನೂ ಅವರೇ ಹೆದರುತ್ತಿದ್ದರೆಂದು ಕಾಣುತ್ತದೆ. ಅವರು ಬಿಟ್ಟೊಡನೆ ಅದು ನನ್ನ ಮೇಲೆ ಬಂತು. ಜಿನ್ನಿನ ಬಾಗಿಲಲ್ಲಿ ಅತ್ತೆ ಗಿರಿಜಾಳನ್ನು ಆನಿಸಿಕೊಂಡು ನಿಂತಿದ್ದರು. ವಾಪಸು ಬರುವಾಗ ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತವರು ಮಾವನ ಮುಖವನ್ನು ಒಮ್ಮೆಯೂ ನೋಡಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಹೆಣ್ಣು ಕೂಸು. ತಾಯಿಯೂ ಉಳಿದಳು. "ಇನ್ನೊಂದು ಸ್ವಲ್ಪ ತಡ ಆಗಿದ್ರ..." ಎಂದು ಡಾಕ್ಟರಮ್ಮ ಮಾತು ಶುರು ಮಾಡಿದವರು ಮಾವನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಮರುದಿನ ಬೆಳಿಗ್ಗೆ ಮಾವ ನೇರ ಆಫೀಸಿಗೆ ಬಂದು, ಉತ್ತರ ಸಿಗದೆ ಒಂದು ದಿನ ಹೆಚ್ಚು ಉಳಿದಿದ್ದ ಎಂಜಿನಿಯರನ್ನು ಸಾಹುಕಾರರ ಮುಂದೆಯೇ ನಿಲ್ಲಿಸಿಕೊಂಡರು. "ಎಲ್ಲಾರಿಗೂ ನಂಬರ್ ಕೊಡ್ರಿ. ಗೋಡಿ ಮ್ಯಾಲೆ ಬರೀರಿ, ಮೇಜಿನ ಮ್ಯಾಲೆ ಬ್ಯಾಡ. ಸಾಬರ ಬೋರ್ಡೂ ಇರ್ಲಿ. ಹೆಸರು ಹೇಳೋರಿಗೆ ಹೆಸರು, ನಂಬರ್ ಹೇಳೋರಿಗೆ ನಂಬರ್."

"ರೆಂಡೂನಾ?" ಎಂದ ಎಂಜಿನಿಯರ್.

"ರೆಂಡೂ."

ಎರಡಕ್ಕೂ ಖರ್ಚು ಯಾಕೆ ಎಂದು ಸಾಹುಕಾರರು ಕೇಳಿದರು. ಮಾವ ಒಂದಿಷ್ಟೂ ತಡವರಿಸದೆ ಹೇಳಿದರು: "ಹೆಸರು ಹೇಳಬಾರದೋರು ಊರಾಗ ಅರ್ಧ ಮಂದಿ ಅದಾರ್ರಿ. ಅವರಿಗೆ ಜೀವ ಹೋಗೋ ಕೆಲಸ ಬಂದ್ರ ಯಾರನ್ನ ಕೇಳಬೇಕು? ನಂಬರ್ ಅಂದ್ರ ಯಾರ ಆಯುಷ್ಯಾನೂ ಕಮ್ಮಿ ಆಗಂಗಿಲ್ಲ." ಖಾಜಾಸಾಬರು ಯಾರಿಗೂ ಹೇಳದೆ ಆ ನಿಯಮದ ಹಾಳೆಯನ್ನು ಕಿತ್ತು ಹಾಕಿದರು. ಯಾರಿಗೂ ಬೇಡವಾಗಿದ್ದ ಹದಿನೇಳನ್ನು ಮಾವ ತಾವೇ ಇಟ್ಟುಕೊಂಡರು. ಅತ್ತೆಗೆ ನೆನಪಿಡಲು ಸುಲಭ, ಗಿರಿಜಾ ಹುಟ್ಟಿದ ತಾರೀಖು ಎಂದರು.

ಸಂಜೆ ಬುತ್ತಿ ತೆಗೆದುಕೊಂಡು ನಾನೂ ಅವರೂ ಆಸ್ಪತ್ರೆಗೆ ಹೋದೆವು. ಅತ್ತೆ ವರಾಂಡದ ಬೆಂಚಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಹಿಂದಿನ ದಿನದಿಂದ ನೀರು ಬಿಟ್ಟರೆ ಬೇರೇನೂ ಮುಟ್ಟಿಲ್ಲವೆಂದು ನರ್ಸು ಹೇಳಿದಳು. ಮಾವ ಪಕ್ಕದಲ್ಲಿ ಕೂತದ್ದೇ ತಡ, ಅತ್ತೆ ಗೋಡೆಯ ಕಡೆಗೇ ಮುಖವಿಟ್ಟು ಹೇಳಿದರು:

"ಅಮಾಸಿ ದಿನಾನ ಹೆಸರು ಹಿಡದು ಒದರಿದೆ. ಮಾವನವರದೂ ಅಂದೆ. ಮಗಳು ಉಳದ್ಲು. ನಿಮಗೇನರ ಆದ್ರ ನಾನು ಏನು ಮಾಡ್ಲಿ?"

ನಾನು ಮಾವನ ಮುಖ ನೋಡಿದೆ. ಆಯುಷ್ಯದ ಚಿಂತೆ! ಇದಕ್ಕಿಂತ ದೊಡ್ಡದನ್ನು ಅವರಿಗೆ ಯಾರೂ ಈವರೆಗೆ ಕೊಟ್ಟಿರಲಿಲ್ಲ. ಇನ್ನು ಹತ್ತು ವರ್ಷ ಇದೊಂದರಲ್ಲೇ ಕಾಲ ಹಾಕುತ್ತಾರೆ ಎಂದುಕೊಂಡೆ. ಮಾವ ನೆಲ ನೋಡುತ್ತಾ ಹೇಳಿದರು:

"ಎಷ್ಟರ ಕಮ್ಮಿ ಆಗ್ಲಿ. ನನ್ನ ಹೆಸರು ಅಷ್ಟು ಚಲೋ ಕೇಳ್ತೈತಂತ ನನಗ ಗೊತ್ತಿರಲಿಲ್ಲ. ಇನ್ನೊಮ್ಮೆ ಅನ್ನು."

ಅತ್ತೆ ತಿರುಗಿ ಅವರನ್ನು ನೋಡಿದರು. ಆಮೇಲೆ ನನ್ನನ್ನು ನೋಡಿ, "ನೀ ಒಳಗ ಹೋಗಿ ಕೂಸಿನ್ನ ನೋಡಿಕೊಂಡು ಬಾಪ್ಪಾ," ಎಂದರು.

ನಾನು ಬುತ್ತಿಯನ್ನು ಬೆಂಚಿನ ಮೇಲಿಟ್ಟು ಒಳಗೆ ಹೋದೆ. ಕೂಸು ಮುಷ್ಟಿ ಬಿಗಿಹಿಡಿದು ಮಲಗಿತ್ತು. ಹೊರಗೆ ಏನಾಯಿತೋ ನನಗೆ ಗೊತ್ತಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಬಂದಾಗ ಅತ್ತೆ ಬುತ್ತಿ ಬಿಚ್ಚಿಕೊಂಡು ಊಟ ಮಾಡುತ್ತಿದ್ದರು. ಪಕ್ಕದಲ್ಲಿ ಕೂತ ಮಾವ ಅಳುತ್ತಿದ್ದರು.